ಯಾರೂ ಕೇಳದ ತ್ಯಾಗ

ತ್ಯಾಗ ಎಂಬ ಮಾತು ಕೇಳಿದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ದೇವಾಲಯದಲ್ಲಿ ಬೋಧಕರು ಆ ಮಾತು ಎತ್ತಿದರೋ, ಸೆರಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಆಚೆ ಈಚೆ ನೋಡತೊಡಗುತ್ತೇನೆ. ಪಕ್ಕದಲ್ಲಿ ಕೂತ ಮೊಮ್ಮಗಳು ಮೊಣಕೈಯಿಂದ ತಿವಿಯುತ್ತಾಳೆ. ದೇವರ ಮೇಲೆ ನನಗೇನೂ ಸಿಟ್ಟಿಲ್ಲ. ಏಸುಸ್ವಾಮಿ ಶಿಲುಬೆಯ ಮೇಲೆ ಪಟ್ಟ ಪಾಡನ್ನು ನೆನೆದರೆ ಇವತ್ತಿಗೂ ಕಣ್ಣು ಒರೆಸಿಕೊಳ್ಳುತ್ತೇನೆ. ನನ್ನ ಸಿಟ್ಟೆಲ್ಲ ಶಿಗ್ಗಾಂವಿಯ ನಮ್ಮ ಮನೆಯ ಮೇಲೆ. ಆ ಮನೆಯಲ್ಲಿ ತ್ಯಾಗ ಅನ್ನುವುದು ಉಪ್ಪಿನ ಹಾಗೆ ಎಲ್ಲದರಲ್ಲೂ ಬೀಳುತ್ತಿತ್ತು, ಎಷ್ಟೋ ಸಲ ಬಾಯಿಗೆ ಇಡಲಾರದಷ್ಟು.

ಅಪ್ಪ ಮಿಶನ್ನಿನ ಉಪದೇಶಿ. ಪಾದ್ರಿಯಲ್ಲ, ಆದರೆ ಊರವರು ಪಾದ್ರಿ ಎಂದೇ ಕರೆಯುತ್ತಿದ್ದರು. ಹಾನಗಲ್ಲು, ಸವಣೂರುಗಳ ಸುತ್ತ ಅಲ್ಲೊಂದು ಇಲ್ಲೊಂದು ಇದ್ದ ಕ್ರೈಸ್ತ ಮನೆಗಳನ್ನು ನೋಡಿಕೊಳ್ಳುವುದು, ಸಂತೆಗಳಲ್ಲಿ ನಿಂತು ಸುವಾರ್ತೆ ಸಾರುವುದು ಅವನ ಕೆಲಸ. ನಮ್ಮದು ಬಾಡಿಗೆಯ ಹೆಂಚಿನ ಮನೆ. ಒಂದು ಪಡಸಾಲೆ, ಒಂದು ಅಡುಗೆಮನೆ, ಹಿಂದೆ ಎಮ್ಮೆ ಕಟ್ಟಿದ ಹಿತ್ತಲು. ಪಡಸಾಲೆಯೇ ನಮ್ಮ ದೇವಾಲಯ. ಆದಿತ್ಯವಾರ ಬೆಳಿಗ್ಗೆ ಹಾಸಿಗೆ ಸುತ್ತಿಟ್ಟು, ಕೋಳಿಗಳನ್ನು ಅಟ್ಟಿ, ಜಮಖಾನ ಹಾಸಿದರೆ ಅದು ದೇವರ ಮನೆ. ಆರಾಧನೆ ಮುಗಿದು ಮಂದಿ ಹೋದರೆ ಅದೇ ಜಾಗದಲ್ಲಿ ಅವ್ವ ಮೆಣಸಿನಕಾಯಿ ಹರವಿಕೊಂಡು ತೊಟ್ಟು ಮುರಿಯುತ್ತ ಕೂಡುತ್ತಿದ್ದಳು. ಮುಂದಿನ ವಾರ ಕೀರ್ತನೆ ಹಾಡುವಾಗ ಯಾರಿಗಾದರೂ ಸೀನು ಬಂದೇ ಬರುತ್ತಿತ್ತು.

ಮನೆಯಲ್ಲಿ ನಾವು ಐವರು: ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ಅಕ್ಕ ಕರುಣಾ, ನಾನು. ಊಟದ ಕೊನೆಗೆ ಬುಟ್ಟಿಯ ತಳದಲ್ಲಿ ಒಂದು ರೊಟ್ಟಿ ಉಳಿಯುತ್ತಿತ್ತು. ಆ ಒಂದು ರೊಟ್ಟಿಗಾಗಿ ದಿನವೂ ನಡೆಯುತ್ತಿದ್ದ ನಾಟಕವನ್ನು ನೆನೆದರೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ. ಅವ್ವ ಅದನ್ನು ಅಪ್ಪನ ಕಡೆ ಸರಿಸುವಳು. ಅಪ್ಪ ಹೊಟ್ಟೆ ತುಂಬಿತೆಂದು ಮಕ್ಕಳ ಕಡೆ ಸರಿಸುವನು. ಅಕ್ಕ ತಂಗಿಗಿರಲಿ ಅನ್ನುವಳು. ನನಗಂತೂ ಹಸಿವು ಇದ್ದೇ ಇರುತ್ತಿತ್ತು. ಆದರೆ ಕೈ ಚಾಚಿದೆನೆಂದರೆ ಮೂವರ ಕಣ್ಣೂ ಒಟ್ಟಿಗೆ ನನ್ನ ಮೇಲೆ, ಈ ಹುಡುಗಿ ಇನ್ನೂ ಕಲಿಯಲಿಲ್ಲವಲ್ಲ ಎನ್ನುವ ಹಾಗೆ. ಬೇಡ ಎನ್ನುತ್ತಿದ್ದೆ. ಆಯಿಗೆ ಹಲ್ಲಿರಲಿಲ್ಲ, ಇದ್ದಿದ್ದರೆ ಅವಳು ಯಾರ ಮುಖವನ್ನೂ ನೋಡದೆ ತಿಂದುಬಿಡುತ್ತಿದ್ದಳು. ಬೆಳಗಾಗುವುದರೊಳಗೆ ಹಪ್ಪಳದಂತೆ ಒಣಗಿದ ಆ ರೊಟ್ಟಿ ಎಮ್ಮೆಯ ಪಾಲು. ನಮ್ಮ ತ್ಯಾಗದಿಂದ ಯಾರಾದರೂ ಮೈ ತುಂಬಿಕೊಂಡಿದ್ದರೆ ಅದು ಆ ಎಮ್ಮೆ.

ಈಸ್ಟರ್ ಹಬ್ಬದ ಮುಂಚಿನ ಉಪವಾಸದ ದಿನಗಳು ಬಂದರೆ ಮನೆಯೇ ಒಂದು ತೂಕದ ಅಂಗಡಿಯಾಗುತ್ತಿತ್ತು. ಯಾರು ಏನು ಬಿಡುತ್ತೀರಿ ಎಂದು ಅಪ್ಪ ಒಬ್ಬೊಬ್ಬರನ್ನೇ ಕೇಳುವನು. ಅಕ್ಕ ಬೆಲ್ಲ ಬಿಡುವಳು, ಅವಳನ್ನು ನೋಡಿ ನಾನೂ. ಅವ್ವನಿಗೆ ಬಿಡಲು ಏನೂ ಉಳಿದಿರುತ್ತಿರಲಿಲ್ಲ, ಇಡೀ ವರ್ಷ ಬಿಟ್ಟೇ ಬದುಕಿದವಳು. ಒಮ್ಮೆ ಹಾಲು ಹಾಕಿದ ಚಹಾ ಬಿಡುತ್ತೇನೆಂದು ಹೇಳಿದಾಗ, ಅವಳು ಅದನ್ನು ಕುಡಿದದ್ದನ್ನೇ ನಾನು ನೋಡಿಲ್ಲವಲ್ಲ ಎಂದು ಯೋಚಿಸುತ್ತ ಕೂತಿದ್ದೆ. ಆಯಿಯ ಪಾಳಿ ಬಂತು. ಆಯಿ ಸವಣೂರಿನ ಎಲೆಯನ್ನು ಅಡಿಕೆ, ಸುಣ್ಣ ಕೂಡಿಸಿ ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ದವಡೆಯಲ್ಲಿ ಒತ್ತರಿಸುತ್ತಿದ್ದಳು. ಮುತ್ಯಾನ, ಅಂದರೆ ನಮ್ಮ ಅಜ್ಜನ, ಕೈ ಹಿಡಿದುಕೊಂಡೇ ಕ್ರೈಸ್ತಳಾದವಳು, ಆದರೆ ಎಲೆಯನ್ನು ಮಾತ್ರ ಹಳೆಯ ಮನೆಯಿಂದ ಜೊತೆಗೇ ತಂದಿದ್ದಳು. ಎಲೆ ಬಿಡು ಎಂದು ಅಪ್ಪ ಹೇಳಿದ. ನೀನೇನು ಬಿಡುತ್ತಿ ಎಂದು ಅವಳು ಕೇಳಿದಳು. ಚಹಾ ಎಂದ ಅಪ್ಪ, ಸ್ವಲ್ಪ ಹೆಮ್ಮೆಯಿಂದಲೇ. ಆಯಿ ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ.

“ಚಾ ಬಿಟ್ಟರ ನಿನಗ ತಲಿ ಹಿಡೀತೈತಿ. ತಲಿ ಹಿಡದ ಸಿಟ್ಟೆಲ್ಲ ಸೊಸಿ ಮ್ಯಾಲ ಬೀಳತೈತಿ. ಹಂಗಾರ ಉಪಾಸ ಯಾರು ಮಾಡಿದಂಗಾತು?”

ಅಪ್ಪ ಕೆಟ್ಟವನಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಆದರೆ ಅವನು ತನ್ನ ಮೈಮೇಲಿನ ಅಂಗಿಯನ್ನೂ ಕೊಟ್ಟು ಬರುವಂಥವನು, ಕೊಟ್ಟು ಬಂದದ್ದೂ ಉಂಟು. ಅವನ ಜೊತೆ ನಾನು ಬಂಕಾಪುರದ ಸಂತೆಗೆ, ಒಮ್ಮೊಮ್ಮೆ ಅಕ್ಕಿಆಲೂರಿನ ಸಂತೆಗೆ ತಾಳ ಹಿಡಿದು ಹೋಗುತ್ತಿದ್ದೆ. ನಾನು ತಾಳ ಹಾಕುತ್ತಿದ್ದೆ, ಅವನು ಹಾಡುತ್ತಿದ್ದ, ಭತ್ತ ಮಾರಿ ಕೈ ಬಿಡುವಾದ ಒಕ್ಕಲಿಗರು ಚೀಲದ ಮೇಲೆ ಕೂತು ಮಂಡಕ್ಕಿ ಮುಕ್ಕುತ್ತ ಕೇಳುತ್ತಿದ್ದರು. ಯಾರೂ ಬೈದದ್ದಿಲ್ಲ. ಎಷ್ಟೋ ಸಲ ನನ್ನ ಕೈಗೂ ಮಂಡಕ್ಕಿ ಹಾಕುತ್ತಿದ್ದರು. ಅಪ್ಪ ಸಾರುತ್ತಿದ್ದದ್ದು ಯಾವಾಗಲೂ ಒಂದೇ ವಿಷಯ. ದೇವರೇ ತನ್ನನ್ನು ಬಲಿ ಕೊಟ್ಟುಕೊಂಡಿದ್ದಾನೆ, ಒಂದೇ ಸಲ, ಎಲ್ಲರ ಸಲುವಾಗಿ, ಇನ್ನು ಕುರಿ ಕೋಣ ಯಾವುದೂ ಬೇಡ, ಅದೆಲ್ಲ ತೀರಿತು ಎನ್ನುವನು. ಒಮ್ಮೆ ಒಬ್ಬ ಮುದುಕ, ಹಾಗಾದರೆ ನಿಮ್ಮ ದೇವರು ಇನ್ನು ಯಾರಿಂದಲೂ ಏನೂ ಕೇಳುವುದಿಲ್ಲವೇ ಎಂದು ಕೇಳಿದ. ಕೇಳುವುದಿಲ್ಲ ಎಂದು ಅಪ್ಪ ಎಂಥ ಸಂತೋಷದಿಂದ ಹೇಳಿದನೆಂದರೆ ಮುದುಕನೂ ನಕ್ಕುಬಿಟ್ಟ. ಮನೆಗೆ ಮರಳುವಾಗ ಗಾಡಿಯಲ್ಲಿ ನಾನು ಕೇಳಿಯೇ ಬಿಟ್ಟೆ: ಏನೂ ಕೇಳದಿದ್ದರೆ ನಾನು ಬೆಲ್ಲ ಯಾಕೆ ಬಿಡಬೇಕು? ಅಪ್ಪ, ಅದು ಬಲಿ, ಇದು ತ್ಯಾಗ, ಬಲಿ ಬೇರೆ ತ್ಯಾಗ ಬೇರೆ ಎಂದ. ಏನು ಬೇರೆ ಎಂದರೆ, ದೊಡ್ಡವಳಾದ ಮೇಲೆ ತಿಳಿಯುತ್ತದೆ ಎಂದ. ದೊಡ್ಡವಳಾಗಿ, ಮುದುಕಿಯೂ ಆಗಿ ಕೂತಿದ್ದೇನೆ, ಇನ್ನೂ ತಿಳಿದಿಲ್ಲ.

ಅಕ್ಕನ ವಿಷಯಕ್ಕೆ ಬರುತ್ತೇನೆ, ಇಷ್ಟು ಹೇಳಿದ್ದು ಅದಕ್ಕೇ. ಕರುಣಕ್ಕ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ಓಣಿಯಲ್ಲಿ ಯಾರಿಗೆ ಕುರುವಾದರೂ, ಯಾರ ಕಾಲಿಗೆ ಮುಳ್ಳು ಚುಚ್ಚಿದರೂ ಅವಳ ಹತ್ತಿರವೇ ಬರುತ್ತಿದ್ದರು. ಕೀವು ನೋಡಿದರೆ ನಾನು ಓಡಿಹೋಗುತ್ತಿದ್ದೆ, ಅವಳು ಮುಖ ಹತ್ತಿರ ತಂದು ನೋಡುತ್ತಿದ್ದಳು. ದೂರದ ಊರಿನ ಮಿಶನ್ ದವಾಖಾನೆಯ ಡಾಕ್ಟರಮ್ಮ ಒಮ್ಮೆ ನಮ್ಮಲ್ಲಿಗೆ ಬಂದಾಗ ಅಕ್ಕ ಪಕ್ಕದ ಮನೆಯ ಕೂಸಿನ ಸುಟ್ಟಗಾಯ ಕಟ್ಟುತ್ತಿದ್ದದ್ದನ್ನು ಕಂಡು, ಈ ಹುಡುಗಿಯನ್ನು ನರ್ಸಿನ ಕೆಲಸ ಕಲಿಯಲು ಕಳಿಸಿರಿ, ಬೇಸಿಗೆ ಕಳೆದ ಮೇಲೆ ಜಾಗ ಇದೆ ಎಂದು ಹೇಳಿ ಹೋದಳು. ಅಪ್ಪ ಆಗಲಿ ಎಂದಿದ್ದ. ಅಕ್ಕನ ನಡಿಗೆಯೇ ಬದಲಾಯಿತು. ಬಿಳಿ ಸೀರೆಗೆ ಅಂಚು ಹೊಲಿದಳು. ಯಲವಿಗಿ ಟೇಶನ್ನಿನಲ್ಲಿ ರೈಲು ಎಷ್ಟು ಹೊತ್ತು ನಿಲ್ಲುತ್ತದೆ, ಪೆಟ್ಟಿಗೆ ಏರಿಸುವಷ್ಟು ಪುರಸೊತ್ತು ಸಿಗುತ್ತದೋ ಇಲ್ಲವೋ ಎಂದು ಬಂದುಹೋದವರನ್ನೆಲ್ಲ ಕೇಳುತ್ತಿದ್ದಳು. ಏನಾದರೂ ಬೇಕು ಎಂದು ಅವಳು ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಆ ದಿನಗಳಲ್ಲಿ ಅವಳನ್ನು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

ಅಷ್ಟರಲ್ಲಿ ಅಪ್ಪ ಹಿರೇಕೆರೂರಿಗೆ ಉಪದೇಶಿಗಳ ಪ್ರಾರ್ಥನಾ ಕೂಟಕ್ಕೆ ಹೋದ. ಅಲ್ಲಿಯ ಉಪದೇಶಿ ಸಮುವೇಲಪ್ಪನವರ ಹೆಂಡತಿ ಬಾಣಂತನದಲ್ಲಿ ಹಸುಗೂಸಿನೊಂದಿಗೆ ತೀರಿಕೊಂಡು ವರ್ಷ ಕೂಡ ತುಂಬಿರಲಿಲ್ಲ. ಮನೆಯಲ್ಲಿ ಮೂರು ಸಣ್ಣ ಮಕ್ಕಳು. ಅದು ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಬಸ್ಸು ದಾರಿಯುದ್ದಕ್ಕೂ ಕೆಮ್ಮುತ್ತ ನಿಲ್ಲುತ್ತ ಬರುತ್ತಿತ್ತು. ಅದರಿಂದ ಇಳಿದ ಅಪ್ಪನ ಮುಖ ಕಪ್ಪಾಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಆ ಹೊಳಪು ಕಂಡರೆ ನನಗೆ ಹೆದರಿಕೆ. ಕಾಲು ತೊಳೆದು, ಎಲ್ಲರನ್ನೂ ಪಡಸಾಲೆಗೆ ಕರೆದು ಕೂಡಿಸಿ, ಕೂಟದಲ್ಲಿ ಸಮುವೇಲಪ್ಪ ತನಗೆ ಹೆಣ್ಣು ಕೊಡು ಎಂದು ದೇವರ ಮುಂದೆ ಕಣ್ಣೀರು ಹಾಕಿದ್ದನ್ನು ಹೇಳಿದ. ಆ ಗಳಿಗೆಯಲ್ಲಿ ದೇವರು ಅಪ್ಪನ ಕಡೆಗೇ ನೋಡಿದ ಹಾಗಾಯಿತಂತೆ.

“ಅಬ್ರಹಾಮ ಇಸಾಕನ್ನ ಕೊಟ್ಟಂಗ ನಾ ಕರುಣಾನ್ನ ಕೊಟ್ಟು ಬಂದೇನಿ,” ಎಂದು ಅಪ್ಪ ಅತ್ತ. ದೇವರು ಕೇಳಿದನೆಂದು ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿಪೀಠದ ಮೇಲೆ ಮಲಗಿಸಿದ ಕಥೆ ನಮಗೆಲ್ಲ ಬಾಯಿಪಾಠವಾಗಿತ್ತು.

ಅಕ್ಕ ನೆಲ ನೋಡುತ್ತ, ಆತಪಾ ಎಂದಳು. ಅಷ್ಟೇ. ಒಂದು ಬುಟ್ಟಿ ಕಟ್ಟಿಗೆ ತಂದಿಡು ಎಂದರೆ ಹೇಗೆ ಹೇಳುತ್ತಿದ್ದಳೋ ಹಾಗೆ. ಅವ್ವ ಎದ್ದು ಅಡುಗೆಮನೆಗೆ ಹೋಗಿ, ಉರಿಯುತ್ತಿದ್ದ ಒಲೆಯನ್ನು ಊದತೊಡಗಿದಳು. ಆಯಿ ಮಾತ್ರ ಅವನ ವಯಸ್ಸೆಷ್ಟು ಎಂದು ಕೇಳಿದಳು. ದೇವರ ಕೆಲಸಕ್ಕೆ ವಯಸ್ಸು ನೋಡುತ್ತಾರೆಯೇ ಎಂದು ಅಪ್ಪ ನೊಂದುಕೊಂಡ. ಹಿತ್ತಲಲ್ಲಿ ಅಕ್ಕ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಾಗ ನಾನು ಹೋಗಿ ಜಗಳ ತೆಗೆದೆ. ನಿನಗೆ ಇದು ಬೇಕೇನು ಎಂದು ಕೇಳಿದೆ, ಒಂದಲ್ಲ ಹತ್ತು ಸಲ ಕೇಳಿದೆ. ಅವಳು ತಲೆ ಎತ್ತದೆ ಹೇಳಿದಳು:

“ನನಗ ಬೇಕೋ ಬ್ಯಾಡೋ ನೋಡಿದರ ಅದು ತ್ಯಾಗ ಹೆಂಗ ಆಗತೈತಿ?”

ಅವಳನ್ನು ಹೊಡೆಯಬೇಕೆನಿಸಿತು. ಅಪ್ಪನ ಮೇಲೆ ಬಂದ ಸಿಟ್ಟಿಗಿಂತ ಹತ್ತುಪಟ್ಟು ಅವಳ ಮೇಲೆ ಬಂತು. ಅಳುತ್ತಿದ್ದರೆ ನಾನೂ ಜೊತೆಗೆ ಅಳುತ್ತಿದ್ದೆ. ಬೇಡ ಎಂದಿದ್ದರೆ ಅವಳ ಪರವಾಗಿ ಊರೆಲ್ಲ ಕೂಗಿ ಹೇಳುತ್ತಿದ್ದೆ. ಅವಳು ಆ ಬಿಳಿ ಸೀರೆಯನ್ನು ಮಡಿಸಿ ತಂದು, ನೀ ದೊಡ್ಡವಳಾದ ಮೇಲೆ ಉಟ್ಟುಕೋ ಎಂದು ನನ್ನ ಮಡಿಲಲ್ಲಿಟ್ಟಳು, ಮುಖದಲ್ಲಿ ಚಿತ್ರಪಟದ ಸಂತರ ಮುಖದಲ್ಲಿರುವಂಥ ಶಾಂತಿ. ನಿನ್ನ ಸೀರೆ ನೀನೇ ಉಟ್ಟುಕೋ ಎಂದು ಅದನ್ನು ಹಾಸಿಗೆಯ ಮೇಲೆ ಒಗೆದು ಬಂದೆ. ಆ ಶಾಂತಿಯನ್ನು ಅವಳಿಗೆ ಕಲಿಸಿದವರು ಯಾರು, ಯಾಕೆ ಕಲಿಸಿದರು ಎಂದು ಈಗಲೂ ಕೇಳಬೇಕೆನಿಸುತ್ತದೆ.

ಮುಂದೆ ಒಂದು ಆದಿತ್ಯವಾರ ಸಮುವೇಲಪ್ಪನವರು ಬಂದರು, ಸಣ್ಣ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು. ಉಳಿದಿಬ್ಬರನ್ನು ನೆರೆಯವರಲ್ಲಿ ಬಿಟ್ಟು ಬಂದಿದ್ದರು. ನಾನು ರಾಕ್ಷಸನನ್ನು ನಿರೀಕ್ಷಿಸಿದ್ದೆ. ಬಂದವರು ಕೊಡೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತ ಬಡಕಲು ಮನುಷ್ಯ. ಅಂಗಿಯ ಗುಂಡಿಗಳನ್ನು ಬೇರೆ ಬೇರೆ ಬಣ್ಣದ ದಾರದಲ್ಲಿ ತಾವೇ ಹೊಲಿದುಕೊಂಡಿದ್ದರು. ಮಗುವಿನ ತಲೆ ಜಡೆಗಟ್ಟಿತ್ತು. ಆರಾಧನೆಯ ಹೊತ್ತಿಗೆಲ್ಲ ಆಯಿ ಅದನ್ನು ಅಡುಗೆಮನೆಗೆ ಎತ್ತಿಕೊಂಡು ಹೋಗಿ ಹಾಲಿನಲ್ಲಿ ಅನ್ನ ಕಿವುಚಿ ಉಣ್ಣಿಸುತ್ತ ಕೂತಳು. ಕೀರ್ತನೆಯ ನಡುವೆ ನಮಗೆಲ್ಲ ಆ ಮಗು ಇನ್ನೂ ಬೇಕು, ಇನ್ನೂ ಬೇಕು ಎನ್ನುವುದು ಕೇಳಿಸುತ್ತಿತ್ತು. ಆ ಮನೆಯಲ್ಲಿ ಯಾರಾದರೂ ಹಾಗೆ ಬಾಯಿಬಿಟ್ಟು ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಊಟಕ್ಕೆ ಕೂತಾಗ ಅಪ್ಪ ಮದುವೆಯ ಮಾತು ತೆಗೆದ. ಪಾದ್ರಿಗಳಿಗೆ ಯಾವಾಗ ಬಿಡುವಿದೆ, ಯಾರನ್ನು ಕರೆಯಬೇಕು, ಎಲ್ಲ ಅವನೇ ಹೇಳುತ್ತಿದ್ದ. ಸಮುವೇಲಪ್ಪನವರು ತಟ್ಟೆಯ ಮೇಲೆ ಬಾಗಿ ಹೂಂ ಎನ್ನುತ್ತಿದ್ದರು. ಆ ಹೂಂ ಕೇಳಿ ನನಗೆ ಅನುಮಾನ ಬಂತು. ಅದು ನಮ್ಮ ಮನೆಯದೇ ಹೂಂ. ಅಕ್ಕನ ಆತಪಾ ಇದ್ದಂತೆಯೇ ಇತ್ತು. ನನಗೆ ಹೊಳೆದದ್ದು ಅವ್ವನಿಗೂ ಹೊಳೆದಿರಬೇಕು. ಗಂಡಸರು ಉಣ್ಣುವಾಗ ಬಡಿಸುವುದು ಬಿಟ್ಟು ಬೇರೆ ಮಾತಾಡದವಳು, ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಳು.

“ಅಣ್ಣಾರ, ಒಂದು ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮಗ ನನ್ನ ಮಗಳು ಬೇಕಾಗ್ಯಾಳೇನ್ರಿ?”

ಸಮುವೇಲಪ್ಪನವರು ಕೈಯಲ್ಲಿನ ತುತ್ತನ್ನು ತಟ್ಟೆಗಿಟ್ಟರು. ಆಮೇಲೆ ಮೆಲ್ಲಗೆ, ತಾವು ಹೆಣ್ಣು ಕೇಳಿಯೇ ಇಲ್ಲ ಎಂದರು. ಅಪ್ಪ ಬೆಪ್ಪಾಗಿ, ಅಷ್ಟು ಮಂದಿಯ ಎದುರು ಕೈ ಮುಗಿದು ಬೇಡಿಕೊಂಡಿರಲ್ಲ ಎಂದ.

“ಹೆಣ್ಣಾಳು ಅಂದಿದ್ನ್ರಿ, ಅಣ್ಣಾರ. ಮನಿಗೆ ಒಂದು ಹೆಣ್ಣಾಳು ಕೊಡಪಾ ದೇವರ ಅಂತ. ಅಡಗಿ ಮಾಡಾಕ.”

ಹೆಣ್ಣಾಳು ಎಂದರೆ ನಮ್ಮ ಕಡೆ ಕೂಲಿಗೆ ಬರುವ ಹೆಂಗಸು. ಕೂಟದಲ್ಲಿ ಎಲ್ಲರೂ ಗಟ್ಟಿಯಾಗಿ ಪ್ರಾರ್ಥಿಸುವ ಗದ್ದಲದಲ್ಲಿ ಅಪ್ಪನ ಕಿವಿಗೆ ಹೆಣ್ಣು ಬಿದ್ದಿತ್ತು, ಆಳು ಬಿದ್ದಿರಲಿಲ್ಲ. ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ? ಹಿರಿಯರು ಕಣ್ಣೀರಿಟ್ಟು ತಮ್ಮ ಮಗಳನ್ನೇ ಕೊಡುತ್ತೇನೆಂದಾಗ ಬೇಡ ಎಂದರೆ ಅವರ ತ್ಯಾಗವನ್ನು ಕಾಲಿನಿಂದ ಒದ್ದಂತಾಗುತ್ತದೆ ಎಂದು ಸುಮ್ಮನಾದರಂತೆ. ಸತ್ತ ಹೆಂಡತಿಯ ಸೀರೆಯನ್ನು ಇನ್ನೂ ಗೂಟದಿಂದ ತೆಗೆದಿಲ್ಲವಂತೆ, ಮದುವೆಗೆ ಮನಸ್ಸೇ ಇಲ್ಲವಂತೆ. ಆದರೂ ಇದು ದೇವರು ತಮ್ಮಿಂದ ಕೇಳುವ ತ್ಯಾಗವಿರಬೇಕು ಎಂದು ಒಪ್ಪಿಕೊಂಡರಂತೆ! ನನಗೆ ತಲೆ ತಿರುಗಿತು. ಅಪ್ಪನಿಗೆ ಕೊಡಲು ಮನಸ್ಸಿಲ್ಲ, ಅವರಿಗೆ ತಗೊಳ್ಳಲು ಮನಸ್ಸಿಲ್ಲ, ಅಕ್ಕನಿಗೆ ಹೋಗಲು ಮನಸ್ಸಿಲ್ಲ, ಅವ್ವನಿಗೆ ಕಳಿಸಲು ಮನಸ್ಸಿಲ್ಲ. ಯಾರಿಗೂ ಬೇಡದ ಮದುವೆಯನ್ನು ಎಲ್ಲರೂ ಸೇರಿ ದೇವರ ಹೆಸರಿಗೆ ಬರೆದುಬಿಟ್ಟಿದ್ದರು. ಬೇಕೋ ಬೇಡವೋ ಎಂದು ಆ ದೇವರನ್ನೂ ಯಾರೂ ಕೇಳಿರಲಿಲ್ಲ. ಒಳಗಿನಿಂದ ಆಯಿಯ ದನಿ ಬಂತು, ಮಗುವಿನ ಬಾಯಿ ಒರೆಸುತ್ತಲೇ.

“ಹೆಣ್ಣಾಳು ಅಂದದ್ದು ಇವಗ ಹೆಣ್ಣು ಅಂತ ಕೇಳಿಸೈತಿ. ಕೇಳಿಸೂದ ಮತ್ತ. ಈ ಮನ್ಯಾಗ ಎರಡಕ್ಕೂ ಏನು ಫರಕೈತಿ?”

ಇಷ್ಟಾದ ಮೇಲೆ ಮುಗಿಯಿತೆಂದು ನೀವು ತಿಳಿದರೆ ನಮ್ಮ ಅಪ್ಪನನ್ನು ನೀವು ಕಂಡಿಲ್ಲ. ಅವನ ಮುಖ ಕೆಂಪಾಯಿತು. ಕಿವಿ ತಪ್ಪಿ ಕೇಳಿದ್ದರೂ ಬಾಯಿ ತಪ್ಪಿ ಆಡಿಲ್ಲ, ದೇವರ ಮುಂದೆ ಕೊಟ್ಟದ್ದನ್ನು ಹಿಂದಕ್ಕೆ ತಗೊಳ್ಳುವುದು ಹೇಗೆ, ನಾಳೆ ಯಾವ ಮುಖದಿಂದ ಸಂತೆಯಲ್ಲಿ ನಿಂತು ಸಾರಲಿ ಎಂದ. ಸಮುವೇಲಪ್ಪನವರು ತಲೆ ತಗ್ಗಿಸಿ, ನಿಮ್ಮ ಇಷ್ಟದಂತೆ ಎಂದರು. ಬಾಗಿಲ ಮರೆಯಲ್ಲಿ ನಿಂತ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಮುಗಿಯಿತು, ಇವಳು ಇನ್ನು ಹಿರೇಕೆರೂರಿನಲ್ಲೇ ಎಂದು ನಾನು ಅಂದುಕೊಂಡೆ. ಅವ್ವ ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು. ದನಿ ಏರಿಸಲಿಲ್ಲ.

“ಅಬ್ರಹಾಮ ಕತ್ತಿ ಎತ್ತಿದಾಗ ದೇವರು ಬ್ಯಾಡ ಅಂದ. ನಿಮಗ ನಾ ಬ್ಯಾಡ ಅನ್ನಾಕತ್ತೇನಿ. ಒಂದ ಬಲಿ ಸಾಕು ಅಂತ ಸಂತ್ಯಾಗ ಹೇಳ್ತೀರಿ. ಅದನ್ನ ನಾ ನಂಬೇನಿ. ನೀವೂ ನಂಬ್ರಿ.”

ಅವ್ವ ಹೇಳಿದ್ದು ಅಪ್ಪನದೇ ಉಪದೇಶ, ಅದಕ್ಕೆ ಎದುರಾಡುವುದು ಹೇಗೆ? ಉಂಡ ಕೈ ತೊಳೆದು ಬಂದು, ಅವನು ಅಕ್ಕನನ್ನು ಕರೆದು, ನಿನಗೇನು ಬೇಕವ್ವಾ ಎಂದು ಕೇಳಿದ. ಅಕ್ಕ ಸೆರಗಿನ ತುದಿ ಸುತ್ತತೊಡಗಿದಳು. ಹುಟ್ಟಿದಾಗಿನಿಂದ ಆ ಪ್ರಶ್ನೆ ಕೇಳಿಸಿಕೊಂಡವಳಲ್ಲ. ನಾನು ತಾಳಲಾರದೆ ಅವಳ ಬೆನ್ನಿಗೆ ಗುದ್ದಿದೆ.

“ಯಲವಿಗಿ ಟೇಶನ್ನಿಗೆ ಹೋಗಬೇಕಪಾ,” ಎಂದಳು.

ಮಳೆ ಹಿಡಿಯುವ ಹೊತ್ತಿಗೆ ಅವಳು ಹೋದಳು ಕೂಡ. ಬಿಳಿ ಸೀರೆ ಉಟ್ಟು ರೈಲು ಹತ್ತಿದಳು, ಪೆಟ್ಟಿಗೆ ಏರಿಸಲು ಬೇಕಾದಷ್ಟು ಪುರಸೊತ್ತು ಸಿಕ್ಕಿತು. ಅವಳಿಂದ ಗಾಯ ಕಟ್ಟಿಸಿಕೊಂಡವರು, ಅವಳ ಕೈಯಲ್ಲಿ ಹುಟ್ಟಿದವರು ಎಷ್ಟು ಮಂದಿಯೋ. ಆದರೆ ನಾನು ಹೇಳಬೇಕಾದದ್ದು ಅದಕ್ಕಿಂತ ಮೊದಲಿನ ಮಾತು, ಆ ಆದಿತ್ಯವಾರದ ಮರುದಿನದ್ದು. ನಾವೆಲ್ಲ ಅಕ್ಕನ ಸುತ್ತ ಮುತ್ತಿಕೊಂಡು ಅತ್ತು ನಕ್ಕು ಹಗುರಾದೆವು, ಹಿರೇಕೆರೂರಿನ ಮಕ್ಕಳ ನೆನಪು ಯಾರಿಗೂ ಬರಲಿಲ್ಲ. ಬೆಳಿಗ್ಗೆ ಸಮುವೇಲಪ್ಪನವರು ಮಗಳನ್ನು ಎತ್ತಿಕೊಂಡು ಹೊರಟು ನಿಂತಾಗ ನೋಡಿದರೆ ಆಯಿ ತನ್ನ ಎರಡು ಸೀರೆ ಗಂಟು ಕಟ್ಟಿಕೊಂಡು ಗಾಡಿಯ ಹತ್ತಿರ ನಿಂತಿದ್ದಾಳೆ. ಎಲ್ಲಿಗೆ ಎಂದರೆ ಹಿರೇಕೆರೂರಿಗೆ ಎಂದಳು. ಯಾವಾಗ ಬರುತ್ತಿ ಎಂದರೆ, ಆ ಹುಡುಗರು ದೊಡ್ಡವರಾದ ಮೇಲೆ ಎಂದಳು. ಮೊಣಕಾಲು ಹಿಡಿದು ಏಳುವ ಮುದುಕಿ! ಅವ್ವ ಬೇಡ ಎಂದು ಅತ್ತಳು. ಸಮುವೇಲಪ್ಪನವರು ಗಾಬರಿಯಿಂದ ಅವಳ ಕಾಲು ಮುಟ್ಟಲು ಹೋದರು. ಆಯಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಗಾಡಿ ಹತ್ತಿ, ಮಗುವನ್ನು ಕೊಡು ಎಂದು ಕೈ ಚಾಚಿದಳು.

ಅಪ್ಪನ ಕಣ್ಣಲ್ಲಿ ಮತ್ತೆ ಆ ಹೊಳಪು ಬಂತು. ಪ್ರಾರ್ಥಿಸೋಣ ಎಂದು ಗಾಡಿಯ ಅಂಚು ಹಿಡಿದು ಕಣ್ಣು ಮುಚ್ಚಿದ. ಪ್ರಾರ್ಥನೆಗೆ ಅವನು ಯಾವಾಗಲೂ ಗ್ರಂಥದ ಕನ್ನಡವನ್ನೇ ಬಳಸುತ್ತಿದ್ದ. ಪರಲೋಕದ ತಂದೆಯೇ, ಈ ವೃದ್ಧ ಮಾತೆಯು ಮಾಡುತ್ತಿರುವ ಈ ಮಹಾ ತ್ಯಾಗವನ್ನು ಎಂದು ಶುರು ಮಾಡಿದ್ದೇ ತಡ, ಆಯಿ ಅವನ ಕೈಯ ಮೇಲೆ ಪಟ್ಟೆಂದು ಹೊಡೆದಳು. ನಾನು ಕಣ್ಣು ಬಿಟ್ಟೇ ಇದ್ದೆ, ಆದ್ದರಿಂದ ನೋಡಿದೆ.

“ತ್ಯಾಗ ಗೀಗ ಅನಬ್ಯಾಡ. ಹುಡುಗೂರು ಹಸದಾವ, ನನಗ ಅಡಗಿ ಬರತೈತಿ. ಇಷ್ಟ ಹೇಳು ನಿನ್ನ ದೇವರಿಗೆ.”

ಅಪ್ಪ ಕೈ ಸವರಿಕೊಳ್ಳುತ್ತ ನಿಂತ. ಎತ್ತುಗಳು ತಲೆ ಕೊಡವಿದವು. ಅವನು ಮತ್ತೆ ಕಣ್ಣು ಮುಚ್ಚಿದ, ಮತ್ತು ಗ್ರಂಥದ ಭಾಷೆ ಬಿಟ್ಟು ನಾವು ಮನೆಯಲ್ಲಿ ಆಡುವ ಮಾತಿನಲ್ಲಿ ಅವನು ಪ್ರಾರ್ಥಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಕರ್ತನ, ಹುಡುಗೂರು ಹಸದಾವ. ನಮ್ಮವ್ವಗ ಅಡಗಿ ಬರತೈತಿ. ಆಮೆನ್.”

ಆಯಿ ಆಮೆನ್ ಎಂದಳು, ಮಗುವನ್ನು ತೊಡೆಯ ಮೇಲೆ ಸರಿಯಾಗಿ ಕೂಡಿಸಿಕೊಂಡು, ಬಿಸಿಲೇರುವ ಮೊದಲೇ ಗಾಡಿ ಹೊಡೆ ಎಂದು ಗಾಡಿಯವನಿಗೆ ಹೇಳಿದಳು.